ಇಪ್ಪತ್ತೇಳನೇ ನಂಬರಿನ ಕಾರು ಹಾಕಿದ ಸುತ್ತುಗಳು

ಕಳೆದ ಮಂಗಳವಾರ ಕುಕ್ಕರಿಗೆ ನೀರು ಹಾಕುವುದನ್ನೇ ಮರೆತು ಒಲೆಯ ಮೇಲಿಟ್ಟುಬಿಟ್ಟೆ. ಗ್ಯಾಸ್ಕೆಟ್ ಸುಟ್ಟು ಮನೆಯೆಲ್ಲ ರಬ್ಬರಿನ ವಾಸನೆ. ಹೊಗೆಯ ಅಲಾರ್ಮ್ ಕೂಗಿಕೊಳ್ಳುವ ಮೊದಲೇ ಹಿಂದಿನ ಬಾಗಿಲು ತೆಗೆದೆನಲ್ಲ, ಅದು ದೇವರ ದಯೆ. ಬೇಳೆ ಹೋಯಿತು, ಕುಕ್ಕರ್ ಉಳಿಯಿತು, ಅದೂ ದಯೆಯೇ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ, ಸೌಟು ಹಿಡಿದು ನಿಂತಲ್ಲೇ ನಿಂತುಬಿಟ್ಟೆ. ಹದಿನಾಲ್ಕು ವರ್ಷದ ಹಿಂದಿನ ಒಂದು ಶನಿವಾರದ ಮಧ್ಯಾಹ್ನ... ಟೈರು ಉಜ್ಜಿ ಎದ್ದ ಹೊಗೆ, ಕಿವಿಗೆ ಹತ್ತಿ ತುರುಕಿಕೊಂಡ ಜನ, ಮುಂದಿನ ಸಾಲಿನಲ್ಲಿ ಪೆನ್ಸಿಲ್ ಹಿಡಿದು ಕೂತ ನಮ್ಮ ಅಂಕಲ್.

ಅಮೆರಿಕದ ಈ ಕ್ಯಾಂಟನ್ ಊರಿನಲ್ಲಿ ಅವರ ಮನೆ ನಮ್ಮ ಮನೆಯಿಂದ ಎರಡು ಮನೆ ಆಚೆ. ಮೈಸೂರಿನವರು. ಹತ್ತಿರದ ಲಿವೋನಿಯಾದಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದು ರಿಟೈರ್ ಆದವರು. ಬೇಸಿಗೆ ಬಂತೆಂದರೆ ಪ್ರತಿ ಶನಿವಾರ ಒಂದು ಗಂಟೆ ಡ್ರೈವ್ ಮಾಡಿಕೊಂಡು ಹಳ್ಳಿಗಾಡಿನ ಸಣ್ಣ ಟ್ರ್ಯಾಕಿಗೆ ಹೋಗುತ್ತಿದ್ದರು. ಅಲ್ಲಿ ಸ್ಟಾಕ್ ಕಾರ್ ರೇಸು. ನೋಡಲು ರಸ್ತೆಯ ಕಾರೇ, ಒಳಗಿನದೆಲ್ಲ ಕಿತ್ತು ಕಬ್ಬಿಣದ ಕೊಳವೆ ಬಿಗಿದಿರುತ್ತಾರೆ. ಕಾರುಗಳ ಸುತ್ತು ಲೆಕ್ಕ ಹಾಕಲು ಯಂತ್ರವಿತ್ತು. ಅದು ಕೈಕೊಟ್ಟರೆ ಇರಲಿ ಎಂದು ಒಂದೊಂದು ಕಾರಿಗೆ ಒಬ್ಬೊಬ್ಬರನ್ನು ಕೂರಿಸುತ್ತಿದ್ದರು. ಅಂಕಲ್ ಹಾಗೆ ಕೂತು ಎಣಿಸುವವರು. ಪುಕ್ಕಟೆ ಸೇವೆ.

ನಾನು ಆಗಷ್ಟೇ ಈ ದೇಶಕ್ಕೆ ಬಂದವಳು. ಕೆಲಸಕ್ಕೆ ಹೋಗಲು ವೀಸಾ ಬಿಡದು, ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದೆ. "ಏನಮ್ಮಾ, ಗೋಡೆ ಏನಾದ್ರೂ ಮಾತಾಡ್ತೇನು? ಬಾ, ಗಂಡನ್ನೂ ಎಳ್ಕೊಂಡು ಬಾ," ಎಂದು ಕರೆದುಕೊಂಡು ಹೋದವರು ಅವರೇ. ಮೊದಲ ದಿನ ತಲೆನೋವು ಬಂತು. ಎರಡನೆಯ ವಾರ ನಾನೇ ಚಿತ್ರಾನ್ನ ಕಟ್ಟಿಕೊಂಡು ಬಾಗಿಲಲ್ಲಿ ಕಾದಿದ್ದೆ. ನಮ್ಮ ಭಜನೆ ಗುಂಪಿನ ಒಬ್ಬರು, "ಗಾಣದೆತ್ತಿನ ಥರ ಸುತ್ತೋದನ್ನ ಏನ್ ನೋಡ್ತೀರ್ರೀ?" ಎಂದು ಮೂಗು ಮುರಿದರು. "ನೀವು ನವಗ್ರಹಕ್ಕೆ ಒಂಬತ್ತು ಸುತ್ತು ಯಾಕೆ ಹಾಕ್ತೀರ?" ಎಂದೆ. ಅವರು ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅದೂ ಒಂದು ದಯೆ ಎಂದುಕೊಂಡೆ.

ಅಂಕಲ್ ಎಣಿಸುತ್ತಿದ್ದ ರೀತಿ ಮಾತ್ರ ಟ್ರ್ಯಾಕಿನ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಕೈಗೆ ಕೊಟ್ಟ ಕಾರ್ಡಿನ ಮೇಲೆ ಸುತ್ತಿಗೊಂದು ಗೀಟು ಎಳೆಯಬೇಕು ಎಂಬುದು ಅಲ್ಲಿನ ನಿಯಮ. ಇವರು ಗಾಯತ್ರಿ ಜಪ ಮಾಡುವ ಹಾಗೆ ಬೆರಳ ಗಣ್ಣಿನ ಮೇಲೆ ಎಣಿಸುವವರು. ಉಂಗುರಬೆರಳಿನ ನಡುಗಣ್ಣಿನಿಂದ ಹೊರಟು ತೋರುಬೆರಳಿನ ಬುಡಕ್ಕೆ ಬಂದರೆ ಹತ್ತು. ಆಗ ಕಾರ್ಡಿನ ಮೇಲೆ ಒಂದೇ ಗೀಟು. "ಪೆನ್ಸಿಲ್ ನೋಡೋ ಹೊತ್ತಿಗೆ ಕಾರು ಹೋಗ್ಬಿಡುತ್ತಮ್ಮ. ಬೆರಳಾದ್ರೆ ಕಣ್ಣು ಅಲ್ಲೇ ಇರುತ್ತೆ," ಎನ್ನುತ್ತಿದ್ದರು. ನಾನೂ ಹಾಗೇ ಕಲಿತೆ. ಜಪದ ಕೈ ಇನ್ನೊಬ್ಬರಿಗೆ ಕಾಣಬಾರದು ಎಂದು ನಮ್ಮಜ್ಜಿ ಹೇಳಿಕೊಟ್ಟಿದ್ದರಲ್ಲ, ಆ ಅಭ್ಯಾಸಕ್ಕೆ ದುಪಟ್ಟಾದ ಅಡಿಯಲ್ಲಿ ಕೈಯಿಟ್ಟುಕೊಂಡು ಎಣಿಸುತ್ತಿದ್ದೆ.

ಆ ಶನಿವಾರ ಅಂಕಲ್ ಪಾಲಿಗೆ ಬಂದದ್ದು ಇಪ್ಪತ್ತೇಳನೇ ನಂಬರಿನ ಕಾರು. ಟೈರಿನ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಓಡಿಸುತ್ತಿದ್ದಳು. ಬಾಗಿಲಿಗೆ ಬೇರೆ ಬಣ್ಣ, ಬಾನೆಟ್ಟಿಗೆ ಬೇರೆ ಬಣ್ಣ, ಅಂಥ ಕಾರು. ನನ್ನ ಕಣ್ಣೂ ಅದರ ಮೇಲೇ. ಐವತ್ತು ಸುತ್ತಿನ ಓಟ. ಕೊನೆಯ ತಿರುವಿನಲ್ಲಿ ಅವಳು ಒಳಗಿನಿಂದ ನುಗ್ಗಿ ಎಲ್ಲರಿಗಿಂತ ಮೊದಲು ಗೆರೆ ದಾಟಿದಳು. ನಾನು ಎದ್ದು ಕುಣಿದುಬಿಟ್ಟೆ. ಆದರೆ ಬೋರ್ಡಿನಲ್ಲಿ ಅವಳ ಹೆಸರು ಮೊದಲು ಬರಲಿಲ್ಲ. ಯಂತ್ರದ ಲೆಕ್ಕದಲ್ಲಿ ಅವಳದು ನಲವತ್ತೊಂಬತ್ತೇ ಸುತ್ತು. ಎರಡನೆಯವನಾಗಿ ಬಂದವನಿಗೆ ಗೆಲುವಿನ ಕಪ್ ಕೊಟ್ಟರು.

ಅಂಕಲ್ ಇಳಿದು ಹೋಗಿ ಹೇಳಿದರು, ಐವತ್ತು ಅಂತ. ಅಲ್ಲಿನ ಅಧಿಕಾರಿ ಕಾರ್ಡು ಕಿತ್ತುಕೊಂಡು ನೋಡಿದ. ಐದು ಗೀಟು. "ಇದೇನಿದು, ಉಳಿದದ್ದೆಲ್ಲ ಎಲ್ಲಿ?" ಎಂದ. ಅಂಕಲ್ ಬೆರಳು ಬಿಡಿಸಿ ತೋರಿಸಿದರು. ಅವನು ನಕ್ಕ. "ನೋಡ್ರಪ್ಪಾ, ಇವರು ಬೆರಳಲ್ಲಿ ಎಣಿಸ್ತಾರಂತೆ!" ಎಂದು ಸುತ್ತಲಿನವರಿಗೆಲ್ಲ ಸಾರಿ ಹೇಳಿದ. ಎಲ್ಲರೂ ನಕ್ಕರು. ಕಂಪನಿಯೊಂದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆದು ಹೇಳುತ್ತಿದ್ದ ಮನುಷ್ಯನನ್ನು, ಎಪ್ಪತ್ತು ದಾಟಿದ ಹಿರಿಯರನ್ನು, ಮಗ್ಗಿ ಬಾರದ ಮಗುವಿನ ಹಾಗೆ ನಿಲ್ಲಿಸಿ ನಕ್ಕರು! ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಆಮೇಲೆ ಅವನು ನಮ್ಮ ಕಡೆ ತಿರುಗಿ ಕೇಳಿದ, ಈ ಕಾರನ್ನು ಬೇರೆ ಯಾರಾದರೂ ಎಣಿಸಿದ್ದೀರಾ ಅಂತ.

ನಾನು ಅರ್ಧ ಎದ್ದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ನನ್ನ ದುಪಟ್ಟಾ ಹಿಡಿದು ಎಳೆದರು. "ಸುಮ್ನೆ ಕೂತ್ಕೊಳೆ. ಗ್ರೀನ್ ಕಾರ್ಡ್ ಅಪ್ಲೈ ಮಾಡಿದೀನಿ. ನಾಳೆ ಏನಾದ್ರೂ ತಕರಾರಾಗಿ ಹೆಸರು ಬರ್ಕೊಂಡ್ರೆ?"

ರೇಸಿನ ಸುತ್ತಿಗೂ ಗ್ರೀನ್ ಕಾರ್ಡಿಗೂ ಏನು ಸಂಬಂಧ? ಇವತ್ತು ನಗು ಬರುತ್ತದೆ. ಅವತ್ತು ಬರಲಿಲ್ಲ. ಪೊಲೀಸರು, ಕೋರ್ಟು, ವಿಮಾನ ಹತ್ತಿಸಿ ಕಳಿಸುವುದು, ಎಲ್ಲ ಕಣ್ಣ ಮುಂದೆ ಬಂತು. ಕೂತೆ. ಅಂಕಲ್ ನನ್ನ ಕಡೆ ನೋಡಿದ್ದು ಕಂಡಿತು. ನಾನು ಚಿತ್ರಾನ್ನದ ಡಬ್ಬಿಗೆ ಮುಚ್ಚಳ ಹಾಕತೊಡಗಿದೆ. "ಮುಂದಿನ ವಾರದಿಂದ ಬರೋದು ಬೇಡ," ಎಂದು ಅಲ್ಲೇ, ಎಲ್ಲರ ಎದುರಿಗೇ ಆ ಅಧಿಕಾರಿ ಅಂಕಲ್ ಅವರಿಗೆ ಹೇಳಿ ಕಳಿಸಿದ.

ವಾಪಸು ಬರುವಾಗ, ಹೆದ್ದಾರಿಯಿಂದ ನಮ್ಮೂರಿಗೆ ಇಳಿಯುವ ದಾರಿ ಹತ್ತಿರ ಬಂದಾಗ ಅಂಕಲ್ ಕೇಳಿದರು, "ನೀನೂ ಎಣಿಸ್ತಿದ್ದೆ ಅಲ್ವೇನಮ್ಮಾ?"

"ಇಲ್ಲ ಅಂಕಲ್. ನಾನು ರಾಮನಾಮ ಹೇಳ್ಕೋತಿದ್ದೆ."

"ಹೌದಾ..." ಎಂದರು. ಅಷ್ಟೇ.

ಆ ಅಧಿಕಾರಿ ಅಹಂಕಾರಿ, ಯಂತ್ರ ಹೇಳಿದ್ದೇ ವೇದ ಎನ್ನುವವನು ಎಂದು ಇಷ್ಟು ವರ್ಷ ಬೈದುಕೊಂಡೆ. ನಮ್ಮ ಯಜಮಾನರನ್ನೂ ಬಿಡಲಿಲ್ಲ. "ಹೋಗ್ಲಿ ಬಿಡೆ, ಒಂದು ರೇಸು ತಾನೆ," ಎಂದಾಗಲೆಲ್ಲ ಜಗಳವಾಡಿದೆ. ಸಿಟ್ಟು ಮಾಡುವ ಹಕ್ಕು ನನಗೆ ಎಲ್ಲಿಂದ ಬಂತು? ಅವನು ಅರಿಯದೆ ನಕ್ಕ. ನಾನು ಅರಿತು, ದೇವರ ಹೆಸರನ್ನೇ ಅಡ್ಡ ಹಿಡಿದು ಸುಳ್ಳು ಹೇಳಿದೆ.

ಅಂಕಲ್ ಮತ್ತೆ ಟ್ರ್ಯಾಕಿನ ಕಡೆ ಹೋಗಲಿಲ್ಲ. ಕೆಲವು ವರ್ಷದ ಮೇಲೆ ಸ್ಕೋಕಿ ಊರಿನಲ್ಲಿರುವ ಮಗಳ ಮನೆಗೆ ಹೋದರು. ಈ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡರು. ಮಾತಾಡಿಸಿಕೊಂಡು ಬರಲು ಹೋದಾಗ ಅವರ ಹೆಂಡತಿ, ನಮ್ಮ ಆಂಟಿ, ಕಾಫಿ ಕೊಟ್ಟು ಪಕ್ಕದಲ್ಲಿ ಕೂತರು.

"ಆ ರೇಸಿನ ದಿನದಿಂದ ಬೆರಳಲ್ಲಿ ಜಪ ಮಾಡೋದೇ ಬಿಟ್ಬಿಟ್ರಮ್ಮ. ನಂಗೆ ಎಣಿಕೆ ತಪ್ಪುತ್ತೆ ಕಣೇ, ಜಪಸರ ತೆಗೆದು ಕೊಡು ಅಂತಿದ್ರು. ಕೊನೇವರೆಗೂ ಸರದಲ್ಲೇ ಮಾಡಿದ್ರು," ಎಂದರು.

ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಆಂಟಿ ಬೈಯಲಿಲ್ಲ, ಅಳಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತಾ, "ಒಂದು ಫೋನ್ ಮಾಡ್ಬಾರ್ದಿತ್ತೇನೇ?" ಎಂದರು.

ಮಾಡಬೇಕಿತ್ತು. ಹದಿನಾಲ್ಕು ವರ್ಷವಿತ್ತು, ನಂಬರೂ ಇತ್ತು. ಕೇಳಬೇಕಾದ ಕಿವಿ ಇಲ್ಲದ ಮೇಲೆ ಬರೆಯಲು ಕೂತಿದ್ದೇನೆ. ಅವತ್ತು ಆ ಕಾರು ಹಾಕಿದ್ದು ಐವತ್ತು ಸುತ್ತು. ನಾನೂ ಎಣಿಸಿದ್ದೆ.