ಹುರಿದ ಉಪ್ಪು

ಡಾಕ್ಟರಮ್ಮ ಹೇಳಿದ ಒಂದು ಮಾತನ್ನು ನಾನು ಮನೆಗೆ ಬಂದು ಹೇಳಲಿಲ್ಲ. ಮರೆತಿದ್ದೆ ಎಂದರೆ ಸುಳ್ಳು. ಮಾತು ನಾಲಿಗೆಯ ತುದಿಯಲ್ಲೇ ಇತ್ತು, ನುಂಗಿದೆ. ನನ್ನ ತಂಗಿಯ ಸಂಸಾರ ಆ ಮಾತಿನ ಮೇಲೆ ನಿಂತಿದೆ ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೇ ನುಂಗಿದೆ.

ತಂಗಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವಳು ಹುಟ್ಟಿದ ವರ್ಷವೇ ನನ್ನನ್ನು ಎರಡನೇ ಕ್ಲಾಸಿನಿಂದ ಬಿಡಿಸಿ ತೊಟ್ಟಿಲ ಹಗ್ಗ ಕೈಗೆ ಕೊಟ್ಟರು. ನಾನು ತೂಗಿ ಬೆಳೆಸಿದವಳು ಐದನೇ ಕ್ಲಾಸು ಮುಗಿಸಿದಳು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸೋದರಮಾವನಿಗೇ ಕೊಟ್ಟರು. ಅವನು ನಮ್ಮ ಮನೆಯಲ್ಲೇ ಇದ್ದವನು. ಹಾಗಾಗಿ ಮದುವೆಯಾದ ಮೇಲೂ ನಾನು ಕುರುಗೋಡಿನ ಅದೇ ಮನೆಯಲ್ಲಿ, ಅವ್ವನ ಅದೇ ಒಲೆಯ ಮುಂದೆ ಉಳಿದೆ. ತಂಗಿಯನ್ನು ಮಾತ್ರ ಸಿರುಗುಪ್ಪದ ಗದ್ದೆಯವರ ಮನೆಗೆ ಕೊಟ್ಟರು. ಅಲ್ಲಿ ಕಾಲುವೆ ನೀರು, ದಿನಾ ಅನ್ನ. ಹಬ್ಬಕ್ಕೆ ಬಂದಾಗಲೆಲ್ಲ ನಾನು ಬಡಿದ ಜೋಳದ ರೊಟ್ಟಿಯನ್ನು ಮುರಿಯುತ್ತಾ ಅನ್ನುವಳು, "ಅಕ್ಕಾ, ರೊಟ್ಟಿ ತಿಂದು ತಿಂದು ನಿನ್ನ ಮಾರಿನೂ ಹಂಗ ಆಗೈತಿ ನೋಡು."

ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಸಂಕ್ರಾಂತಿ ಕಳೆದ ಮೇಲೆ, ಅವಳ ಅತ್ತೆ ಅವಳನ್ನು ಬಂಡಿಯಲ್ಲಿ ತಂದು ಬಿಟ್ಟಳು. ತಂಗಿಯ ಕಾಲುಗಳು ಬಾತಿದ್ದವು, ಮುಖ ಉಬ್ಬಿತ್ತು. ನಾವು ಕೊಟ್ಟ ನೀರನ್ನೂ ಅತ್ತೆ ಕುಡಿಯಲಿಲ್ಲ.

"ನೋಡ್ರಿ ಬೀಗರ, ಯುಗಾದಿಗಿ ಬರ್ತೀವಿ. ಬಾವು ಇಳಿದಿದ್ರ ಕರ್ಕೊಂಡು ಹೋಗ್ತೀವಿ. ಇಳೀಲಿಲ್ಲಂದ್ರ ನಮ್ಮ ಹುಡುಗನ ಹಾದಿ ನಾವು ನೋಡ್ಕೋಬೇಕಾಗತೈತಿ."

"ಹಂಗನ್ನಬ್ಯಾಡ್ರಿ. ನಿಮ್ಮ ಮನಿ ಸೊಸಿ ಆಕಿ," ಎಂದಳು ಅವ್ವ.

"ಸೊಸಿ ಅಂತ ಮಾಡ್ಕೊಂಡಿದ್ದು ಗದ್ದಿ ಕೆಲಸಕ್ಕ, ಮನಿ ಕೆಲಸಕ್ಕ. ಮೂಲ್ಯಾಗ ಕುಂದ್ರಿಸಿ ಪೂಜಿ ಮಾಡಾಕಲ್ಲ."

ಬಂಡಿ ಹೊರಟಿತು. ಆಗ ನನಗೆ ಒಳಗೊಳಗೆ ಹಿತವಾಯಿತು. ಇದನ್ನೂ ಮುಚ್ಚಿಡುವುದಿಲ್ಲ.

ಬಳ್ಳಾರಿಯ ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋಗಿದ್ದು ನಾನೇ. ಆಗಿನ ಬಸ್ಸುಗಳು ಇದ್ದಿಲ ಹೊಗೆಯಿಂದ ಓಡುತ್ತಿದ್ದವು, ಏರು ಬಂದರೆ ಜನ ಇಳಿದು ನಡೆಯಬೇಕು. ತಂಗಿ ಇಳಿಯಲಾರಳು. ಕಂಡಕ್ಟರ್ ಗೊಣಗಿದ. ತಂಗಿ ನನ್ನ ಕಡೆ ಕೈ ತೋರಿಸಿ, "ನನ್ನ ಬದ್ಲಿ ಈಕಿ ಇಳಿತಾಳ, ಇಬ್ಬರ ತೂಕ ಅದಾಳ," ಎಂದಳು. ಬಸ್ಸೆಲ್ಲ ನಕ್ಕಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಕಾಲನ್ನು ಒತ್ತಿ ನೋಡಿ, ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ಊಟದ ಬಗ್ಗೆ ನನ್ನನ್ನು ಕೇಳತೊಡಗಿದಳು. ತಂಗಿ ನಡುವೆ ಬಾಯಿ ಹಾಕಿದಳು.

"ಈಕಿಗಿ ಓದು ಬರಂಗಿಲ್ಲರೀ. ನನಗ ಹೇಳ್ರಿ. ಈಕಿ ಮುಂದ ಹೇಳಿದ್ರ ಎಮ್ಮಿ ಮುಂದ ಹೇಳಿದಂಗ."

ಬೆಂಚಿನ ಮೇಲಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಡಾಕ್ಟರಮ್ಮ ನಗಲಿಲ್ಲ. "ಅಡುಗೆ ಯಾರು ಮಾಡ್ತಾರೆ?" ಎಂದು ಕೇಳಿದಳು. ನಾನೇ ಎಂದೆ. "ಹಾಗಾದ್ರೆ ಇವರಿಗೇ ಹೇಳ್ಬೇಕು," ಎಂದು, ತಂಗಿಯನ್ನು ಮೂತ್ರ ಪರೀಕ್ಷೆಗೆ ಬಾಟಲಿ ಕೊಟ್ಟು ನರ್ಸ್ ಜೊತೆ ಒಳಗೆ ಕಳಿಸಿದಳು.

ಆಮೇಲೆ ನನಗೆ ಒಂದೊಂದಾಗಿ ಹೇಳಿದಳು. ಮೂತ್ರಪಿಂಡ ಕೆಟ್ಟಿದೆ, ತಿಂದ ಉಪ್ಪು ಹೊರಗೆ ಹೋಗುತ್ತಿಲ್ಲ, ಒಳಗೇ ನಿಂತು ನೀರನ್ನು ಹಿಡಿದಿಡುತ್ತಿದೆ. ಉಪ್ಪು ಪೂರಾ ಬಿಡಿಸಬೇಕು. ರೊಟ್ಟಿಗೆ ಬೇಡ, ಪಲ್ಯಕ್ಕೆ ಬೇಡ, ಉಪ್ಪಿನಕಾಯಿ ಹಪ್ಪಳ ಕಣ್ಣಿಗೂ ಬೀಳಬಾರದು.

ನಮ್ಮ ಕಡೆ ಪಥ್ಯಕ್ಕೆ ಒಂದು ದಾರಿ ಇತ್ತು. ಕಾಮಾಲೆ ಬರಲಿ, ಹೆರಿಗೆಯಾಗಲಿ, ನಾಟಿ ಔಷಧ ಕೊಡುವವರು "ಹಸಿ ಉಪ್ಪು ಬಿಡ್ರಿ" ಅನ್ನುತ್ತಿದ್ದರು. ಆಗ ಹರಳುಪ್ಪನ್ನು ಹಂಚಿನ ಮೇಲೆ ಚಟಪಟ ಸದ್ದು ನಿಲ್ಲುವ ತನಕ ಹುರಿದು, ಕುಟ್ಟಿ, ಅದನ್ನೇ ಅಡುಗೆಗೆ ಹಾಕುವುದು. ಬೆಂಕಿ ಕಂಡ ಉಪ್ಪಿಗೆ ದೋಷವಿಲ್ಲ ಎಂದು ಎಲ್ಲರ ನಂಬಿಕೆ. ನಾನು ಅದನ್ನು ಕೇಳಿದೆ.

"ಹುರಿದು ಹಾಕಬೌದೇನ್ರಿ?"

"ಈ ಸೀಮೆಯವರೆಲ್ಲ ಇದನ್ನೇ ಕೇಳ್ತೀರಲ್ಲಮ್ಮಾ! ಹುರಿದರೇನು, ಸುಟ್ಟರೇನು, ಉಪ್ಪು ಉಪ್ಪೇ. ಅದೂ ಬೇಡ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೆ ಇದನ್ನು ಮೊದಲು ಹೇಳಿ."

ತಂಗಿ ಹೊರಗೆ ಬಂದಾಗ ಈ ಮಾತು ಮುಗಿದಿತ್ತು. ಕೌಲ್ ಬಜಾರಿನ ಹಾದಿಯಲ್ಲಿ ಬಿಸಿ ಮಿರ್ಚಿಯ ವಾಸನೆಗೆ ಅವಳು ನಿಂತಳು. ನಾನು ಬೇಡವೆಂದು ತೋಳು ಹಿಡಿದು ಎಳೆದೆ. "ತಿನ್ನಾಕ ಕೊಡಂಗಿಲ್ಲ, ಸಾಯಾಕೂ ಬಿಡಂಗಿಲ್ಲ, ದೊಡ್ಡ ಡಾಕ್ಟರು ಬಂದ್ಲು," ಎಂದು ಬಜಾರಿನ ನಡುವೆಯೇ ಕೂಗಾಡಿದಳು. ಹೋಗುವವರು ಬರುವವರು ನಿಂತು ನೋಡಿದರು.

ಮನೆಗೆ ಬಂದು ಅವ್ವನಿಗೆ, "ಉಪ್ಪು ಬಿಡಿಸ್ಬೇಕಂತ," ಎಂದೆ. ಅಷ್ಟೇ ಹೇಳಿದೆ. ಅವ್ವ ನಾನು ತಿಳಿದ ಹಾಗೆಯೇ ಮಾಡಿದಳು. ಸತ್ತವರ ಎಡೆಗೆ ಇಡುವ ಹಾಗೆ ಬದುಕಿರುವ ಮಗಳ ತಾಟಿಗೆ ಸಪ್ಪನ ಅನ್ನ ಹಾಕಲು ಅವಳ ಕೈ ಬರುತ್ತಿರಲಿಲ್ಲ. "ಹಸಿ ಉಪ್ಪು ಬ್ಯಾಡ ಅಂದಿರ್ತಾರ. ಹುರದು ಹಾಕಿದ್ರಾತು," ಎಂದು ಹಂಚು ಒಲೆಗೇರಿಸಿದಳು. ಉಪ್ಪು ಸಿಡಿಯತೊಡಗಿತು.

ಗೋಡೆಗೆ ಒರಗಿದ್ದ ತಂಗಿ ನನ್ನ ಕಡೆ ತಿರುಗಿದಳು. "ಅಕ್ಕಾ, ಹುರಿದುಪ್ಪು ನಡೀತೈತಂತೇನು? ಆಕಿ ನಿನ್ನ ಮುಂದ ಏನಂದ್ಲು?"

"ಎಮ್ಮಿನ್ನ ಏನ್ ಕೇಳ್ತಿ? ಓದಿದಾಕಿ ನೀನು."

ಅವಳೂ ಜಂಬದವಳೇ. ಎರಡನೇ ಸಲ ಕೇಳಲಿಲ್ಲ.

ಎರಡು ದಿನ ಅನುಭವಿಸಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ಹೇಳಬೇಕೆಂದು ಹೋದಾಗಲೆಲ್ಲ ಅವಳ ಬಾಯಿಂದ ಏನಾದರೊಂದು ಬರುತ್ತಿತ್ತು. ಪುಂಡಿಪಲ್ಯ ಹುಳಿ ಎನ್ನುವಳು, ಸಾರು ಮುಸುರೆ ಎನ್ನುವಳು, ತಾಟು ದೂಡುವಳು. "ನಿನ್ನ ಕೈಯಾಗಿನ ಕೂಳು ನಾಯಿನೂ ಮೂಸಂಗಿಲ್ಲ." ಹಾಗಾದರೆ ಸಾಯಿ ಎಂದು ಮನಸ್ಸಿನಲ್ಲೇ ಅಂದು ಹೊರಗೆ ಬರುತ್ತಿದ್ದೆ. ಹುರಿಯುವ ಕೆಲಸವನ್ನು ಅವ್ವ ನನಗೇ ಒಪ್ಪಿಸಿದ್ದಳು. ನಾನೇ ಹುರಿದೆ, ನಾನೇ ಕುಟ್ಟಿದೆ, ನಾನೇ ಹಾಕಿದೆ. ದಿನ ಹೋದಂತೆ ಹೇಳುವುದು ಇನ್ನೂ ಕಷ್ಟವಾಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೇ ಮೊದಲು ಕೇಳುತ್ತಿದ್ದರು.

ಅವಳ ಬಾವು ತೊಡೆಗೆ ಏರಿತು. ಬೆಳಿಗ್ಗೆ ಕಣ್ಣು ತೆರೆಯಲಾರಳು. ಕಾಲುಂಗುರ ಬೆರಳಿನಲ್ಲಿ ಹೂತುಹೋಗಿ ಹುಣ್ಣಾಯಿತು. ಅಕ್ಕಸಾಲಿಗನನ್ನು ಕರೆಸಿ ಕತ್ತರಿಸಿ ತೆಗೆಸಬೇಕಾಯಿತು. ಗಂಡ ಬದುಕಿರುವ ಹೆಣ್ಣಿನ ಕಾಲಿಗೆ ಇಕ್ಕಳ ಹಾಕಿಸಿದೆವಲ್ಲಾ ಎಂದು ಅವ್ವ ಅತ್ತಳು. ಅಷ್ಟೊತ್ತಿನಲ್ಲೂ ನಾನು ಬಾಯಿ ಬಿಡಲಿಲ್ಲ.

ಯುಗಾದಿಗೆ ಅತ್ತೆ ಬಂದಳು, ಮಗನೂ ಬಂದ. ತಂಗಿ ಹೊಸ ಸೀರೆ ಉಟ್ಟು, ಕಾಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಅತ್ತೆ ಸೆರಗು ಸರಿಸಿ ಅವಳ ಮೊಳಕಾಲಿನ ಕೆಳಗೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು. ಎಲ್ಲರೂ ಆ ಕುಳಿಯನ್ನೇ ನೋಡುತ್ತಿದ್ದೆವು.

"ಹಿಟ್ಟಿನ ಮುದ್ದಿ ಆಗ್ಯಾಳಲ್ರೀ ಬೀಗರ," ಎಂದು ಅತ್ತೆ ಎದ್ದಳು. "ಊಟ ಮಾಡ್ಕೊಂಡು ಹೋಗ್ರಿ," ಎಂದು ತಂಗಿ ಗಂಡನಿಗೆ ಹೇಳಿದಳು. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಮುಂಗಾರು ಬಿತ್ತುವುದರೊಳಗೆ ತೆಕ್ಕಲಕೋಟೆಯ ಹುಡುಗಿಯೊಬ್ಬಳು ಆ ಮನೆಗೆ ಸೊಸೆಯಾಗಿ ಬಂದಳು.

ಆಷಾಢದಲ್ಲಿ ತಂಗಿಗೆ ಉಸಿರೇ ಕಟ್ಟತೊಡಗಿತು. ನನ್ನ ಗಂಡ ಅವಳನ್ನು ಬಳ್ಳಾರಿಗೆ ಒಯ್ದು ಆಸ್ಪತ್ರೆಯಲ್ಲಿ ಸೇರಿಸಿ ಬಂದ. ಅಲ್ಲಿ ಔಷಧದ ಜೊತೆ ಸಪ್ಪನ ಗಂಜಿ, ಸಪ್ಪನ ಅನ್ನ. ದಸರೆಯ ಹೊತ್ತಿಗೆ ಒಣಕಲು ಕಡ್ಡಿಯಾಗಿ, ಬಾವು ಇಳಿದು, ತನ್ನ ಕಾಲ ಮೇಲೆ ನಡೆದು ಬಂದಳು. ಕಾಲು ತೊಳೆಯದೆ ನೆಟ್ಟಗೆ ಅಡುಗೆಮನೆಗೆ ಹೋದಳು. ಹುರಿದ ಉಪ್ಪಿನ ಗಡಿಗೆಯನ್ನು ಎತ್ತಿ ಅಂಗಳಕ್ಕೆ ಎಸೆದಳು.

"ಯವ್ವಾ, ಹುರಿದ್ರೂ ಅದು ಉಪ್ಪೇ ಅಂತ ಆಸ್ಪತ್ರಿ ನರ್ಸ್ ಅಂದ್ಲು! ದಿನಾ ನನಗ ವಿಷ ಹಾಕಿದೆಲ್ಲ. ನನ್ನ ಗಂಡನ್ನ ಇನ್ನೊಬ್ಬಾಕಿಗಿ ಕೊಟ್ಟಾಕಿ ನೀನು!"

"ನನಗ ಯಾರು ಹೇಳಿದ್ರವಾ? ನನಗೇನು ಗೊತ್ತಿತ್ತು?"

ಅವ್ವ ನನ್ನ ಮುಖ ನೋಡಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ, ಬಡಿಯುತ್ತಲೇ ಇದ್ದೆ.

ಅಂದಿನಿಂದ ತಂಗಿ ಅವ್ವನನ್ನು ಹುರಿದು ಮುಕ್ಕಿದಳು. ಅವ್ವ ನೀರು ಕೊಟ್ಟರೂ "ಇದರಾಗೇನು ಕಲಸೀದಿ?" ಅನ್ನುವಳು. ಅವ್ವ ತನ್ನ ತಾಟಿಗೆ ಉಪ್ಪು ಹಾಕಿಸಿಕೊಳ್ಳುವುದನ್ನು ಬಿಟ್ಟಳು. "ನನ್ನ ಮಗಳು ಸಪ್ಪಗ ಉಣ್ಣಾಕಿ, ನನಗ್ಯಾಕ ರುಚಿ?" ಎಂದಳು. ಯಾವ ಔಷಧಕ್ಕೂ ಅಲ್ಲ, ತನ್ನನ್ನು ತಾನೇ ದಂಡಿಸಿಕೊಳ್ಳಲು. ಮಾಡದ ತಪ್ಪಿಗೆ ಆ ಮುದುಕಿ ದಂಡ ತೆರುವುದನ್ನು ನಾನು ಚಳಿಗಾಲವೆಲ್ಲ ಕೂತು ನೋಡಿದೆ. ಅವಳ ಸಪ್ಪನ ರೊಟ್ಟಿಯನ್ನು ಬೇರೆ ಮಾಡಿ ಕೊಟ್ಟವಳೂ ನಾನೇ.

ಬೇಸಿಗೆ ಬಂತು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಅವ್ವ ಹೊಲಕ್ಕೆ ಜೋಳದ ಕೂಳೆ ಆಯಲು ಹೋದಳು. ಮಧ್ಯಾಹ್ನದ ಹೊತ್ತಿಗೆ ಅವಳನ್ನು ಹೊತ್ತು ತಂದರು. ಮೀನಖಂಡಗಳು ಗಂಟು ಕಟ್ಟಿದ್ದವು, ನಾಲಿಗೆ ತೊದಲುತ್ತಿತ್ತು. ಊರಿನ ಡಾಕ್ಟರು ಬಂದು ಊಟದ ವಿಷಯ ಕೇಳಿ ಸಿಟ್ಟಾದರು.

"ಬೆವರಿನಾಗ ಉಪ್ಪೆಲ್ಲ ಹರದು ಹೋಗೈತಿ, ಒಳಗೂ ಹಾಕಿಲ್ಲ. ಒಬ್ಬಾಕಿಗಿ ಉಪ್ಪು ವಿಷ ಅಂದ್ರ ಎಲ್ಲಾರಿಗೂ ವಿಷ ಏನ್ರಿ? ಮಜ್ಜಿಗಿಗಿ ಉಪ್ಪು ಹಾಕಿ ಗುಟುಕು ಗುಟುಕು ಕುಡಿಸ್ರಿ. ಈಗಿಂದೀಗ."

ತಂಗಿ ಮಜ್ಜಿಗೆಯ ಬಟ್ಟಲು ಹಿಡಿದು ಕೂತಳು. ಅವ್ವ ತುಟಿ ಬಿಗಿದುಕೊಂಡು ತಲೆ ಆಚೆ ತಿರುಗಿಸಿದಳು.

"ಬ್ಯಾಡ. ನಿನ್ನ ಸಂಸಾರ ಕೆಡಿಸಿದ ಮುದುಕಿಗಿ ಯಾಕ ಅದು?"

"ಕುಡಿಯವ್ವಾ! ಸತ್ತು ಆ ಪಾಪನೂ ನನ್ನ ತಲಿಮ್ಯಾಲೆ ಹಾಕ್ತೀಯೇನು?"

ಬಾಗಿಲಲ್ಲಿ ಓಣಿಯ ಹೆಂಗಸರು ಗುಂಪಾಗಿದ್ದರು. ಅವ್ವನ ತುಟಿಗಳು ಬಿಳಿಚಿದ್ದವು. ನಾನು ಹೋಗಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

"ಯವ್ವಾ, ಕುಡಿ. ನಿನ್ನ ತಪ್ಪಲ್ಲ ಅದು. ಹುರಿದುಪ್ಪೂ ಬ್ಯಾಡ ಅಂತ ಡಾಕ್ಟರಮ್ಮ ನನಗ ಹೇಳಿ ಕಳಿಸಿದ್ಲು. ನಿನಗ ಹೇಳಂದಿದ್ಲು. ನಾ ಹೇಳಲಿಲ್ಲ."

ಅವ್ವ ತಲೆಯನ್ನು ಬಟ್ಟಲ ಕಡೆ ತಿರುಗಿಸಿದಳು. ಆಮೇಲೆ ಬಾಯಿ ತೆರೆದಳು. ತಂಗಿ ಬಟ್ಟಲು ಓರೆ ಮಾಡಿದಳು, ಮಜ್ಜಿಗೆ ಅವ್ವನ ಗದ್ದದ ಮೇಲೆ ಚೆಲ್ಲಿತು. ಆದರೂ ಗುಟುಕು ಗುಟುಕಾಗಿ ಬಟ್ಟಲು ಖಾಲಿಯಾಗುವ ತನಕ ಕುಡಿಸಿದಳು. ಬಟ್ಟಲನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಮರೆತಿದ್ದೇನು?"

"ಇಲ್ಲ."

"ಮತ್ತ್ಯಾಕ ಹೇಳಲಿಲ್ಲ? ಆ ಬಾಗಿಲಾಗ ನಿಂತಾರಲ್ಲ, ಅವರಿಗೂ ಕೇಳಂಗ ಬೊಗಳು."

ನಾನು ದನಿ ಎತ್ತಿ ಹೇಳಿದೆ. "ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗಿ ಹೇಳಲಿಲ್ಲ. ನಿನ್ನ ಗಂಡನ ಮನಿ ಕಳದಾಕಿ ನಾನು, ಅವ್ವ ಅಲ್ಲ. ತಪ್ಪಾತು ತಂಗೆವ್ವಾ. ನಂದು ತಪ್ಪಾತು."