ಮುಂಗೈಯ ನೀಲಿ ಪಟ್ಟಿ

ಗಾಜಿನಂಗಡಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಇಕ್ಕಳ ಎಂದೇ. ಹಿಡಿದರೆ ಬಿಡದ ಕೈ. ಆಳೆತ್ತರದ ಗಾಜನ್ನು ಮಹಡಿಗೆ ಹೊರುವಾಗ ಮೇಲ್ತುದಿ ಯಾವಾಗಲೂ ಅವನದು, ಕೆಳತುದಿ ಹೆಂಡತಿಯ ತಮ್ಮನದು. ಆ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು: ಮೆಟ್ಟಿಲ ಮೇಲೆ ‘ಇಳಿಸು’ ಎಂದವನು ಆಮೇಲೆ ಗಾಜು ಹೊರುವಂತಿಲ್ಲ, ಕೂತು ಅಂಚು ಉಜ್ಜಬೇಕು.

ವಯಸ್ಸಾಗುತ್ತ ಇಕ್ಕಳನ ಎಡ ಮುಂಗೈ ಸೋಲತೊಡಗಿತು. ಆಟಗಾರರು ಹಚ್ಚಿಕೊಳ್ಳುವ, ಹಿಗ್ಗುವ ನೀಲಿ ಅಂಟುಪಟ್ಟಿಯನ್ನು ಮೊಳಕೈಯಿಂದ ಮಣಿಕಟ್ಟಿನವರೆಗೆ ಎಳೆದು ಅಂಟಿಸಿಕೊಂಡ. ವ್ಯಾಯಾಮ ಚಿಕಿತ್ಸೆಯಾಕೆ ಹಿಡಿತ ಅಳೆಯುವ ಯಂತ್ರವನ್ನು ಪಟ್ಟಿಯಿದ್ದಾಗ ಒಮ್ಮೆ, ತೆಗೆಸಿ ಒಮ್ಮೆ ಹಿಂಡಿಸಿದಳು. ಮುಳ್ಳು ಎರಡು ಸಲವೂ ಅಲ್ಲಿಗೇ ಬಂದು ನಿಂತಿತು.

“ಇದು ಚರ್ಮಾನ ಎಳೆಯುತ್ತೆ, ನೋವು ಸ್ವಲ್ಪ ಮರೆಸಬಹುದು. ಸ್ನಾಯುಗೆ ಬಲ ತುಂಬಲ್ಲ, ಯಜಮಾನ್ರೇ.”

“ನಿಮ್ಮ ಮುಳ್ಳಿಗೆ ತುಕ್ಕು ಹಿಡಿದಿರಬೇಕು, ತಾಯಿ,” ಎಂದು ನಕ್ಕು ಬಂದ. ಮರುದಿನ ಹೊಸ ಪಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಚ್ಚಿ, ಅಂಗಿಯ ತೋಳು ಇಳಿಬಿಟ್ಟ.

ಅವತ್ತು ಒಂದು ಮನೆಯ ಮಹಡಿಗೆ ಗಾಜು ಹೊರುವಾಗ ಮೆಟ್ಟಿಲ ತಿರುವಿನಲ್ಲಿ ಎಡಗೈ ಬೆರಳುಗಳು ಬಿಚ್ಚಿಕೊಳ್ಳತೊಡಗಿದವು. ಆದರೂ ಕೈ ಭದ್ರವಾಗಿಯೇ ಇದ್ದಂತೆ ಅನ್ನಿಸುತ್ತಿತ್ತು. ಪಟ್ಟಿ ಚರ್ಮವನ್ನು ಜಗ್ಗಿ ಹಿಡಿದಿತ್ತು. ಗಾಜು ಮಾತ್ರ ಕೈಗವಸಿನೊಳಗೆ ಕೂದಲೆಳೆಯಷ್ಟು ಜಾರಿತು. ಗಾಜಿನಾಚೆ ಕೆಳಗೆ ಭಾಮೈದನ ಕತ್ತು, ಉಬ್ಬಿದ ನರದ ಸಮೇತ, ನಿಚ್ಚಳವಾಗಿ ಕಾಣುತ್ತಿತ್ತು.

“ಭಾವ, ನಿದ್ದೆ ಬಂತಾ? ಹತ್ತಿ ಮತ್ತೆ.”

ಇನ್ನು ಕೆಲವೇ ಮೆಟ್ಟಿಲು. ಇಕ್ಕಳ ಹಲ್ಲು ಕಚ್ಚಿದ. ಗಾಜು ಮತ್ತೆ ಜಾರಿತು.

“ಇಳಿಸು,” ಎಂದ.

“ಏನಂದ್ರಿ?”

“ಇಳಿಸೋ ಮಾರಾಯ, ಕೈ ಹೋಗ್ತಿದೆ.”

ಗಾಜು ಮೆಟ್ಟಿಲಿಗೆ ಹಾಸಿದ್ದ ಗೋಣಿಯ ಮೇಲೆ ಕೂತಿತು. ಭಾಮೈದ ಬಂದು ಅಂಗಿಯ ತೋಳು ಸರಿಸಿ ನೋಡಿದ.

“ಇದನ್ನ ನಂಬ್ಕೊಂಡು ನನ್ನ ಕತ್ತಿನ ಮೇಲೆ ಗಾಜು ಹಿಡಿದಿದ್ರಾ? ಅಕ್ಕಂಗೆ ಏನು ಹೇಳ್ತಿದ್ರಿ?”

“ಹೇಳೋಕೆ ನಾನೆಲ್ಲಿ ಇರ್ತಿದ್ದೆ? ಅವಳೇ ನನ್ನ ಮುಗಿಸ್ತಿದ್ಲು.”

ಭಾಮೈದ ನಗಲಿಲ್ಲ. ಕೆಳಗಿಳಿದು ಹೋಗಿ ಬೇರೊಬ್ಬನನ್ನು ಕರೆತಂದ.

ಹೊಸ ಗಾಜಿಗೆ ಯಾರೂ ಕಾಣದೆ ಡಿಕ್ಕಿ ಹೊಡೆಯದಿರಲೆಂದು ಗುರುತು ಅಂಟಿಸುವುದು ಅವರ ವಾಡಿಕೆ. ಗಾಜು ಚೌಕಟ್ಟಿನಲ್ಲಿ ಕೂತ ಮೇಲೆ ಇಕ್ಕಳ ಕೈಯ ಪಟ್ಟಿ ಸುಲಿದ. ಕೂದಲೂ ಕಿತ್ತು ಬಂತು. ಅದನ್ನೇ ಗಾಜಿನ ನಡುವೆ ಅಡ್ಡಡ್ಡ ಮೆತ್ತಿ, ಅಂಗಡಿಗೆ ಹೋಗಿ, ಯಾರೂ ಹೇಳುವ ಮೊದಲೇ ಅಂಚು ಉಜ್ಜುವ ಕಲ್ಲಿನ ಮುಂದೆ ಕೂತ.