ಹಿಂದೆ ಖಾಲಿ ಬಸ್ಸು

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಮನುಷ್ಯನಿಗೆ ಮಾತಿನಲ್ಲಿ ಸೋತು ಅಭ್ಯಾಸವಿರಲಿಲ್ಲ. ನಿವೃತ್ತಿಯಾಗಿ ನಾಲ್ಕು ವರ್ಷ ಕಳೆದರೂ ಬೀದಿಗೆಲ್ಲ ಅವರು ಕಂಡಕ್ಟರೇ. ಅವರ ಬಾಯಿಗೆ ಸರಿಜೋಡಿ ಎಂದರೆ ಸೊಸೆ ಒಬ್ಬಳೇ. ಅವಳದು ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವ ಕೆಲಸ. "ಊರೋರ ರಕ್ತ ಸಾಲ್ದು ಅಂತ ಮನೆಗ್ ಬಂದು ನಂದೂ ಹೀರ್ತಾಳೆ," ಎಂದು ಕಂಡಕ್ಟರು ಅವಳಿಗೆ ಕೇಳುವಷ್ಟೇ ಮೆಲ್ಲಗೆ ಗೊಣಗುತ್ತಿದ್ದರು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ನಡುವೆ ಮಗ ಎಂಬುವನೊಬ್ಬನಿದ್ದ, ಆದರೆ ಜಗಳದ ಹೊತ್ತಿಗೆ ಆ ಮಹಾಶಯ ತಟ್ಟೆಯಿಂದ ತಲೆ ಎತ್ತಿದವನೇ ಅಲ್ಲ.

ಆ ಶುಕ್ರವಾರ ಬೆಳಗ್ಗೆಯಿಂದ ಮಳೆ ಧೋ ಎಂದು ಸುರಿಯುತ್ತಿತ್ತು. ಸೊಸೆ ರೇನ್‌ಕೋಟಿನ ಗುಂಡಿ ಹಾಕಿಕೊಳ್ಳುತ್ತ ಕಡ್ಡಿ ಮುರಿದಂತೆ ಹೇಳಿದಳು:

"ಮಾವ, ಟೀವಿ ಹಾಕ್ಬೇಡಿ. ಬಿಸ್ಕತ್ತು ಕೊಟ್ಟು ಬಾಯಿ ಮುಚ್ಚಿಸ್ಬೇಡಿ. ನಿಮ್ಮ ಬಸ್‌ಸ್ಟ್ಯಾಂಡ್ ಮಾತು ಇನ್ನೊಂದ್ಸಲ ಮಕ್ಕಳ ಬಾಯಲ್ಲಿ ಕೇಳಿದ್ರೆ, ಸೋಮವಾರದಿಂದ ಇಬ್ರೂ ಡೇಕೇರ್‌ಗೆ."

"ಯಾವ ಮಾತಮ್ಮಾ?"

"ಮೊನ್ನೆ ಪಕ್ಕದ್ಮನೆ ಅಜ್ಜಿಗೆ ಪುಟ್ಟಿ 'ಏಯ್, ಒಳಗ್ ಸಾಯ್ರೀ' ಅಂದ್ಲಲ್ಲ, ಆ ಮಾತು."

ಕಂಡಕ್ಟರು ಹಲ್ಲು ಕಡಿದುಕೊಂಡು ಟೀವಿ ರಿಮೋಟನ್ನು ಕಪಾಟಿನ ಮೇಲಿಟ್ಟರು. ಪುಟ್ಟ, ಪುಟ್ಟಿ ಎರಡೂವರೆ ವರ್ಷದ ಅವಳಿಗಳು. ಆರು ತಿಂಗಳ ಕೂಸುಗಳಾಗಿದ್ದಾಗಿನಿಂದ ಹಗಲೆಲ್ಲ ನೋಡಿಕೊಂಡವರು ತಾತನೇ. ಅವೆರಡೂ ಹೋದರೆ ಆ ಮನೆಯಲ್ಲಿ ಅವರು ಗೋಡೆ ನೋಡುತ್ತ ಕೂರಬೇಕಷ್ಟೆ. ಅದು ಅವಳಿಗೂ ಗೊತ್ತಿತ್ತು, ಅದಕ್ಕೇ ಅಲ್ಲಿಗೇ ಚುಚ್ಚುತ್ತಿದ್ದಳು.

ಹತ್ತು ಗಂಟೆಯವರೆಗೆ ಎಲ್ಲ ಅವಳು ಹೇಳಿದ ಹಾಗೇ ನಡೆಯಿತು. ಚಿತ್ರದ ಪುಸ್ತಕ ತೆಗೆದರು. ಪುಟ್ಟ ಅದರೊಳಗಿನ ಹುಲಿಯನ್ನು ಹರಿದು ಬಾಯಿಗೆ ಹಾಕಿಕೊಂಡ. ಮರದ ಇಟ್ಟಿಗೆಗಳನ್ನು ಹರಡಿದರು. ಪುಟ್ಟಿ ಒಂದನ್ನೆತ್ತಿ ತಮ್ಮನ ಹಣೆಗೇ ಎಸೆದಳು. ಅವನು ಅತ್ತ, ಅವನು ಅತ್ತನೆಂದು ಇವಳೂ ಅತ್ತಳು. ಆಮೇಲೆ ಇಬ್ಬರೂ ಸೇರಿ ಹೊರಗೆ ಬಿಡು ಎಂದು ಬಾಗಿಲು ಗುದ್ದತೊಡಗಿದರು.

"ಹಾಳಾಗ್ ಹೋಗ್ಲಿ ಅವಳ ರೂಲ್ಸು!" ಎಂದು ಕಂಡಕ್ಟರು ಎದ್ದರು.

ಕುರ್ಚಿ, ಸ್ಟೂಲು, ಮಗುಚಿದ ಬಕೆಟ್ಟು ಎಲ್ಲ ಸಾಲಾಗಿ ನಿಂತವು. ಹೊಸಿಲು ಫುಟ್‌ಬೋರ್ಡಾಯಿತು. ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದು "ರೈಟ್! ರೈಟ್!" ಎಂದದ್ದೇ ತಡ, ಅಳು ನಿಂತುಹೋಯಿತು. ಹಳೇ ಕ್ಯಾಲೆಂಡರಿನ ಹಾಳೆಗಳೆಲ್ಲ ಟಿಕೆಟ್ಟು, ದಿಂಬುಗಳೆಲ್ಲ ಪ್ಯಾಸೆಂಜರು. ಊಟವೂ ಬಸ್ಸಿನಲ್ಲೇ, ನಿದ್ದೆಯೂ ಬಸ್ಸಿನಲ್ಲೇ. ಮಧ್ಯಾಹ್ನ ಎದ್ದಮೇಲೆ ಪುಟ್ಟ ಡ್ರೈವರಾದ, ಪುಟ್ಟಿ ಕಂಡಕ್ಟರಾದಳು. ತಾತ ಅವಳಿಗೆ ತಮ್ಮ ಕಸುಬಿನ ಹಳೇ ಸುಳ್ಳೊಂದನ್ನು ಹೇಳಿಕೊಟ್ಟರು. ಬಸ್ಸು ತುಂಬಿರುವಾಗ ಯಾರಾದರೂ ಕೈ ಅಡ್ಡ ಹಾಕಿದರೆ, "ಜಾಗ ಇಲ್ಲ, ಹಿಂದೆ ಖಾಲಿ ಬಸ್ ಬರ್ತಿದೆ" ಎನ್ನಬೇಕು. ಹಿಂದೆ ಯಾವ ಬಸ್ಸೂ ಇರುತ್ತಿರಲಿಲ್ಲ, ಆ ಮಾತು ಬೇರೆ. ಪುಟ್ಟಿಗೆ ಅದು ಎಷ್ಟು ಹಿಡಿಸಿತೆಂದರೆ, ಒಂದೊಂದು ದಿಂಬಿಗೂ ಬೆರಳು ತೋರಿಸಿ ಹೇಳಿದಳು.

ಮಳೆಗೆ ಲ್ಯಾಬು ಬೇಗ ಮುಚ್ಚಿತ್ತು, ಐದಕ್ಕೆ ಬರಬೇಕಾದ ಸೊಸೆ ನಾಲ್ಕಕ್ಕೇ ಬಂದಳು. ಬೀದಿಯಲ್ಲಿ ಮೊಣಕಾಲುದ್ದ ನೀರು, ಒಂದೂ ಆಟೋ ಸಿಕ್ಕಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ರೇನ್‌ಕೋಟಿದ್ದೂ ತಲೆಯಿಂದ ಕಾಲವರೆಗೆ ತೊಯ್ದು, ಬಾಗಿಲು ತೆರೆದು, "ಬಾ ಕಂದಾ," ಎಂದು ಬಗ್ಗಿದಳು.

ಪುಟ್ಟಿ ಹೊಸಿಲಲ್ಲಿ ಎರಡೂ ಕೈ ಅಗಲಿಸಿ ನಿಂತಳು. "ಜಾಗ ಇಲ್ಲ! ಇಳಿ, ಇಳಿ! ಹಿಂದೆ ಬಸ್ಸು, ಅದ್ರಲ್ಲಿ ಬಾ!" ಎಂದು ಅಮ್ಮನ ಒದ್ದೆ ಕಾಲನ್ನು ಹೊರಗೆ ತಳ್ಳಿದಳು.

ಕಂಡಕ್ಟರು ನಕ್ಕರು. ಮಗುವಿನ ಮುದ್ದಿಗೆ ಬಂದ ನಗುವಲ್ಲ, ಗೆದ್ದವರ ನಗು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡರೇ? ಇಲ್ಲ. "ಕೇಳಿಸ್ತೇನಮ್ಮಾ? ನಿನಗೆ ಜಾಗ ಇಲ್ವಂತೆ!" ಎಂದೂ ಸೇರಿಸಿದರು.

ಮಾತು ಹೊರಬಿದ್ದ ಮೇಲೆ ತಪ್ಪು ಅವರಿಗೇ ತಿಳಿಯಿತು. ಸುಮ್ಮನಿದ್ದಿದ್ದರೆ ಅದು ಮಗುವಿನ ಆಟವಾಗಿಯೇ ಹೋಗಿಬಿಡುತ್ತಿತ್ತು.

ಸೊಸೆ ತಿರುಗಿ ಬೈಯಲಿಲ್ಲ. ಬೈದಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹೊಸಿಲ ಆಚೆಯೇ ನಿಂತು, ಬ್ಯಾಗಿನಿಂದ ಫೋನು ತೆಗೆದು, ಸೆರಗಿನಲ್ಲಿ ಒರೆಸಿ, ನಂಬರು ಒತ್ತಿದಳು. ಮಳೆಯ ಸದ್ದಿಗೆ ಸ್ಪೀಕರ್ ಹಾಕಿದಳು.

"ಡೇಕೇರಾ? ಸೋಮವಾರದಿಂದ ಕಳಿಸ್ತೀನಿ. ಹೂಂ, ಇಬ್ರು, ಅವಳಿ."

"ಏ, ಅದು ಬಸ್ಸಿನ ಮಾತು ಕಣಮ್ಮಾ," ಎಂದರು ಕಂಡಕ್ಟರು. "ಆಟ ಆಡ್ತಿದ್ವಿ. ಮಳೆ ಅಂತ ಅಳ್ತಿದ್ರು…"

ಅವಳು ಫೋನನ್ನು ಇನ್ನಷ್ಟು ಹತ್ತಿರ ಹಿಡಿದಳು.

"ಸಂಜೆ ಕರ್ಕೊಂಡ್ ಹೋಗೋಕೆ ಯಾರು ಬರ್ತಾರೆ ಮೇಡಂ?" ಎಂದು ಆ ಕಡೆಯ ಹೆಂಗಸು ಕೇಳಿದಳು.

"ನಾನು. ಇಲ್ದಿದ್ರೆ ಅವರಪ್ಪ."

"ಮನೇಲಿ ದೊಡ್ಡೋರು ಯಾರಾದ್ರೂ ಇದ್ರೆ ಅವ್ರ ಹೆಸ್ರೂ ಬರ್ಕೋತೀವಿ."

ಸೊಸೆ ಮಾವನ ಮುಖವನ್ನೇ ನೋಡಿದಳು.

"ಇಲ್ಲ," ಎಂದಳು. "ಯಾರೂ ಇಲ್ಲ."